ಉಗಾದಿಗೆ ಬಂದ ಎಣ್ಣೆ ಡಬ್ಬ

ನಮ್ಮ ಮನೆಯಲ್ಲಿ ಎಣ್ಣೆ ಎಂಬುದು ಎರಡು ದಿನ ಒಟ್ಟಿಗೆ ಇದ್ದದ್ದಿಲ್ಲ. ಬೆಳಿಗ್ಗೆ ತಂದದ್ದು ಸಂಜೆಗೆ ಮುಗಿಯುತ್ತಿತ್ತು. ಸಂಜೆಗೆ ಮುಗಿಯುವಷ್ಟನ್ನೇ ಬೆಳಿಗ್ಗೆ ತರುತ್ತಿದ್ದೆವು. ತರುವ ಕೆಲಸ ನನ್ನದು. ಔಷಧಿಯ ಖಾಲಿ ಬಾಟಲಿಯೊಂದರ ಕುತ್ತಿಗೆಗೆ ಸೆಣಬಿನ ದಾರ ಕಟ್ಟಿ, ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿಪ್ಪಣ್ಣನ ಅಂಗಡಿಗೆ ಓಡುತ್ತಿದ್ದೆ. ಅವನು ತಗಡಿನ ಪುಟ್ಟ ಅಳತೆಯಲ್ಲಿ ಶೇಂಗಾ ಎಣ್ಣೆ ಮೊಗೆದು ಬಾಟಲಿಗೆ ಬಗ್ಗಿಸುತ್ತಿದ್ದ. ಬಗ್ಗಿಸಿದ ಮೇಲೂ ಅಳತೆಯ ಅಂಚಿನಲ್ಲಿ ಒಂದು ಹನಿ ಹೊಳೆಯುತ್ತಾ ಕೂತಿರುತ್ತಿತ್ತು. ಅದು ಬೀಳುವವರೆಗೂ ನಾನು ಬಾಟಲಿ ತೆಗೆಯುತ್ತಿರಲಿಲ್ಲ.

“ಏನೇ ಗಂಗೀ, ಆ ಹನಿ ಬೀಳೋವರ್ಗೂ ನಾನು ಕೈ ಹಿಡ್ಕಂಡು ಕುಂತ್ರೆ ಅಂಗಡಿ ಮುಚ್ಚೋದು ಯಾವಾಗ?”

“ಅದು ನಮ್ಮ ಹನಿ ಕಣಣ್ಣ. ನಿನ್ನ ಅಳತೆಯಾಗೆ ಉಳಿದ್ರೆ ಮುಂದಿನೋರ ಬಾಟ್ಲಿಗೆ ಹೋಗುತ್ತೆ. ಅವ್ರೇನು ನಂಗೆ ಚಿಕ್ಕಪ್ಪನ ಮಕ್ಳಾ?”

ತಿಪ್ಪಣ್ಣ ನಕ್ಕು ಅಳತೆಯನ್ನು ಬಾಟಲಿಯ ಬಾಯಿಗೆ ಒಂದು ಸಲ ತಟ್ಟುತ್ತಿದ್ದ. ಚೌಕಾಸಿ ಮಾಡುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಗಿಸುತ್ತಾ ಕೇಳಿದರೆ ಕೊಡುವವನಿಗೆ ಕೊಟ್ಟದ್ದೇ ತಿಳಿಯುವುದಿಲ್ಲ ಎಂಬುದನ್ನು ಆ ಒಂದು ಹನಿಯಿಂದ ಕಲಿತೆ. ಇವತ್ತಿಗೂ ನನ್ನ ಅಂಗಡಿಗೆ ಬರುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಅದನ್ನೇ: ಮುಖ ಗಂಟಿಕ್ಕಿಕೊಂಡು ಬೆಲೆ ಕೇಳಬೇಡಿ, ನಿಮಗೇ ನಷ್ಟ.

ರಾಮಗಿರಿ ಗುಡ್ಡ ಕಣ್ಣಿಗೆ ಕಾಣುವಷ್ಟು ಹತ್ತಿರದ ಊರು ನಮ್ಮದು. ಗಾಳಿ ಈ ಕಡೆ ಬೀಸಿದರೆ ಸ್ಟೇಷನ್ನಿನಲ್ಲಿ ರೈಲು ಕೂಗಿದ್ದು ಕೇಳುತ್ತಿತ್ತು. ಅವ್ವನಿಗೆ ಅದೇ ಗಡಿಯಾರ. ಮನೆ ಎಂದರೆ ಕಲ್ಲು ಮಣ್ಣಿನ ಗೋಡೆಯ ಒಂದೇ ಅಂಕಣ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಅಜ್ಜಿಯ ಹಗ್ಗದ ಮಂಚ, ಬಾಗಿಲ ಪಕ್ಕ ಬಿದಿರು ತಟ್ಟಿಯ ಮರೆಯಲ್ಲಿ ಕುರಿಮರಿಗಳು. ಬೀದಿ ಬಾಗಿಲು ಬಿಟ್ಟರೆ ಬೇರೆ ಬಾಗಿಲಿಲ್ಲ. ಅದನ್ನೂ ಹಗಲಲ್ಲಿ ಹಾಕುವ ಪದ್ಧತಿ ನಮ್ಮ ಬೀದಿಯಲ್ಲಿ ಇರಲಿಲ್ಲ. ಹಗಲು ಬಾಗಿಲು ಹಾಕಿದರೆ ಒಳಗೆ ಯಾರಿಗೋ ಏನೋ ಆಗಿದೆ ಎಂದು ಜನ ಸೇರುತ್ತಿದ್ದರು. ಅಪ್ಪ ಸುಗ್ಗಿ ಮುಗಿದ ಮೇಲೆ ಚಿಕ್ಕಪ್ಪನ ಜೊತೆ ಕುರಿಮಂದೆ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋದರೆ ಮುಂಗಾರಿಗೇ ಬರುವುದು. ಅಲ್ಲಿಯ ರೈತರ ಗದ್ದೆಗಳಲ್ಲಿ ಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಕಾಳು ಪಡೆದು ತರುತ್ತಿದ್ದರು. ಅಲ್ಲಿಯವರೆಗೆ ಮನೆ ಎಂದರೆ ಅಜ್ಜಿ, ಅವ್ವ, ನಾನು ಮತ್ತು ಇನ್ನೂ ಚಡ್ಡಿ ಜಾರಿಸಿಕೊಂಡು ಓಡುತ್ತಿದ್ದ ತಮ್ಮ ಸಿದ್ಧ.

ಎಣ್ಣೆಯ ವಿಷಯದಲ್ಲಿ ಅವ್ವನ ಕೈ ನೋಡಬೇಕಿತ್ತು. ಅರ್ಧ ಹೆಚ್ಚಿದ ಈರುಳ್ಳಿಯ ಮುಖವನ್ನು ಎಣ್ಣೆಗೆ ಮುಟ್ಟಿಸಿದಂತೆ ಮಾಡಿ ಹೆಂಚಿಗೆ ಸವರಿದರೆ ಹತ್ತು ದೋಸೆ ಎದ್ದು ಬರಬೇಕು. ಒಗ್ಗರಣೆಗೆ ಸಾಸಿವೆ ಹಾಕಿದಾಗ ಅದು ಎಣ್ಣೆಯಲ್ಲಿ ಸಿಡಿಯಿತೋ ಬರಿ ಶಾಖಕ್ಕೆ ಸಿಡಿಯಿತೋ ಹೇಳುವುದು ಕಷ್ಟ. ಆದರೂ ಆ ಸೊಪ್ಪಿನ ಸಾರಿನ ಘಮಕ್ಕೆ ಮುದ್ದೆ ತಾನಾಗಿ ಗಂಟಲಿಗೆ ಇಳಿಯುತ್ತಿತ್ತು. ಉಳಿದ ಎಣ್ಣೆ ನನ್ನ ಜಡೆಗೆ, ಜಡೆ ಸವರಿದ ಅಂಗೈ ಸಿದ್ಧನ ಮೊಣಕಾಲಿಗೆ. ಅಲ್ಲಿಗೆ ಆ ದಿನದ ಎಣ್ಣೆ ಮುಗಿಯಿತು.

ಊರಿಗೆ ಒಂದೇ ದೊಡ್ಡಮನೆ. ಅದರ ಯಜಮಾನರಿಗೆ ಚಿತ್ರದುರ್ಗದಲ್ಲಿ ಎಣ್ಣೆ ಮಿಲ್ಲಿತ್ತು. ಅವರು ವಾರದಲ್ಲಿ ಐದು ದಿನ ಅಲ್ಲಿರುತ್ತಿದ್ದರು; ಊರಿನ ಮನೆ, ಹೊಲ, ಆಳುಕಾಳು ಎಲ್ಲವೂ ಅವರ ಹೆಂಡತಿ ಗೌರಮ್ಮನವರ ಕೈಯಲ್ಲಿ. ಹಣೆಯಲ್ಲಿ ವಿಭೂತಿ, ದೊಡ್ಡ ಗಂಟಲು, ಇನ್ನೂ ದೊಡ್ಡ ಮನಸ್ಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅವ್ವ ಅವರ ಮನೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ಕಾಳಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಆ ವರ್ಷ ಅವರ ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದುಕಿ ಹಿರಿಯೂರಿನ ಮಗಳ ಮನೆಗೆ ಹೋಗಿಬಿಟ್ಟಳು. ಬೇಳೆ, ಬೆಲ್ಲ, ಹಿಟ್ಟು ತೆಗೆದುಕೊಡುವ, ಆಳುಗಳ ಅಡುಗೆಗೆ ಅಳೆದು ಹಾಕುವ ಆ ಕೆಲಸಕ್ಕೆ ವರ್ಷಪೂರ್ತಿ ಕೂಲಿ. ಅವ್ವ ಅದರ ಮೇಲೆ ಕಣ್ಣಿಟ್ಟಳು. ಕಾರಣ ನಾನು. ನಮ್ಮೂರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ನಾನು ಆಗಷ್ಟೇ ಏಳರ ಪರೀಕ್ಷೆ ಬರೆಯುತ್ತಿದ್ದೆ. ಮುಂದೆ ಓದಬೇಕೆಂದರೆ ಹೊಳಲ್ಕೆರೆಗೆ ಬಸ್ಸಿನಲ್ಲಿ ಹೋಗಿಬರಬೇಕು. ಉಗ್ರಾಣದ ಕೆಲಸ ಸಿಕ್ಕರೆ ಹೈಸ್ಕೂಲು, ಸಿಗದಿದ್ದರೆ ಚಿಕ್ಕಪ್ಪನ ಮಂದೆಯಲ್ಲಿ ಮರಿ ನೋಡಿಕೊಳ್ಳುವುದು. ಇದನ್ನು ಯಾರೂ ನನ್ನನ್ನು ಕೂರಿಸಿಕೊಂಡು ಹೇಳಲಿಲ್ಲ. ಮನೆ ಇದ್ದದ್ದೇ ಒಂದು ಅಂಕಣ. ಯಾರ ಮಾತು ಯಾರಿಗೆ ಕೇಳಿಸುವುದಿಲ್ಲ?

ಒಂದು ದಿನ ದೊಡ್ಡಮನೆಯ ಜಗಲಿಯಲ್ಲಿ ಅವ್ವ ತೊಗರಿ ಕೇರುತ್ತಿದ್ದಾಗ ನಾನು ಬಾಟಲಿ ಹಿಡಿದು ಎದುರಿನಿಂದ ಓಡಿದೆ. ಗೌರಮ್ಮನವರು ನೋಡಿದರು.

“ಕರಿಯಮ್ಮ, ನಿನ್ನ ಮಗ್ಳು ದಿನಾ ಬಾಟ್ಲಿ ಹಿಡ್ಕಂಡು ಓಡ್ತಾಳಲ್ಲ, ಯಾಕೆ?”

“ಎಣ್ಣೆಗೆ ಅಮ್ನೋರೇ.”

“ಅಷ್ಟು ಗೊತ್ತಾಗಲ್ವೇನೇ ನಂಗೆ? ಹನಿಹನಿ ಕೊಂಡ್ರೆ ತಿಪ್ಪಣ್ಣ ಉದ್ಧಾರ ಆಗ್ತಾನೆ, ನೀವಲ್ಲ. ಒಂದೇ ಸಲ ಡಬ್ಬ ತಂದು ಇಟ್ಕಂಡ್ರೆ ಎಷ್ಟು ಉಳಿಯುತ್ತೆ! ನಿಮ್ಮಂಥೋರಿಗೆ ಇದೊಂದು ತಿಳಿಯಂಗಿಲ್ಲ ನೋಡು.”

“ಹೂಂನ್ರಿ ಅಮ್ನೋರೇ.”

“ಹೂಂ ಅಂತೀಯ, ಮಾಡಲ್ಲ.”

“ಹೂಂನ್ರಿ.”

ಕೂಲಿಯವಳು ಎರಡು ಸಲ ‘ಹೂಂನ್ರಿ’ ಎಂದಳೆಂದರೆ ಒಪ್ಪಿದಳು ಎಂದಲ್ಲ, ಹೇಳಿ ಪ್ರಯೋಜನವಿಲ್ಲ ಎಂದುಕೊಂಡಳು ಎಂದು ಅರ್ಥ. ಉಳ್ಳವರು ಇದನ್ನು ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ಗೌರಮ್ಮನವರಿಗೆ ಆಗ ಅದು ತಿಳಿದಿರಲಿಲ್ಲ. ಅವರ ದೊಡ್ಡ ಮನಸ್ಸು ಅಲ್ಲಿಗೆ ನಿಲ್ಲಲೂ ಇಲ್ಲ. ಉಗಾದಿಯ ಹಿಂದಿನ ದಿನ, ನಡುಮಧ್ಯಾಹ್ನ, ಅವರ ಆಳು ತುಂಬಿದ ಎಣ್ಣೆ ಡಬ್ಬವೊಂದನ್ನು ತಲೆಯ ಮೇಲೆ ಹೊತ್ತು, ಇಡೀ ಬೀದಿ ನೋಡುತ್ತಿರುವಂತೆ ನಮ್ಮ ಮನೆಗೆ ತಂದ. ಹಿಂದೆಯೇ ಗೌರಮ್ಮನವರು ಅವ್ವನನ್ನು ಕರೆಸಿ ಹೇಳಿದರು.

“ಉಗ್ರಾಣ ಅಂದ್ರೆ ಹುಡುಗಾಟ ಅಲ್ಲ ಕಣೇ. ತೂಗಿಸ್ಕಂಡು ಹೋಗೋಳು ಬೇಕು. ಮೊದ್ಲು ನಿನ್ನ ಮನೇನ ತೂಗಿಸಿ ತೋರ್ಸು. ಡಬ್ಬ ನಾನು ಸುಮ್ನೆ ಕೊಟ್ಟಿದೀನಿ, ಹಬ್ಬದ ಉಡುಗೊರೆ. ಆದ್ರೆ ಕಾರಹುಣ್ಣಿಮೆವರ್ಗೂ ಬರ್ಬೇಕು. ಬಂತು ಅಂದ್ರೆ ಕೀಲಿಕೈ ನಿಂದೇ.”

ಉಗಾದಿಯಿಂದ ಕಾರಹುಣ್ಣಿಮೆಗೆ ಎರಡೂವರೆ ತಿಂಗಳು. ನಾವು ಖರ್ಚು ಮಾಡುತ್ತಿದ್ದ ಕೈಗೆ ಆ ಡಬ್ಬ ವರ್ಷವೇ ಬರಬೇಕು. ಅವ್ವ ಅಂದು ಹಾಡಿಕೊಂಡು ಮನೆಗೆ ಬಂದಳು. ಹಬ್ಬದ ಬೆಳಿಗ್ಗೆ ಅಜ್ಜಿ ನಮ್ಮಿಬ್ಬರನ್ನೂ ಕೂರಿಸಿ, ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿ ತಿಕ್ಕಿದಳು. ನೆತ್ತಿಗೆ ಸುರಿದದ್ದು ಕಿವಿಯ ಹಿಂದೆ ಇಳಿದು ಬೆನ್ನಿಗೆ ಹರಿಯುವಷ್ಟು ಎಣ್ಣೆಯನ್ನು ನನ್ನ ಮೈ ಕಂಡದ್ದು ಅದೇ ಮೊದಲು. ಸಿದ್ಧ ಮೀನಿನಂತೆ ಅಜ್ಜಿಯ ಕೈಯಿಂದ ಜಾರಿ ಬೀದಿಗೆ ಓಡಿದ. ಎಣ್ಣೆಯಲ್ಲಿ ಹೊಳೆಯುತ್ತಾ ಓಡಿದ ಅವನನ್ನು ನೋಡಿದ ಮೇಲೆ ಡಬ್ಬದ ವಿಷಯ ತಿಳಿಯದೆ ಉಳಿದವರು ಯಾರೂ ಇರಲಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಹನುಮಕ್ಕ. ಸೆರಗಿನೊಳಗೆ ಬಟ್ಟಲು. ಹೋಳಿಗೆ ಬೇಯಿಸಲು ಒಂಚೂರು. ಆಮೇಲೆ ಅವಳ ವಾರಗಿತ್ತಿ. ಆಮೇಲೆ ಎದುರು ಮನೆ. ಬಟ್ಟಲುಗಳು ದೊಡ್ಡವಲ್ಲ, ಬಂದವರು ದುರಾಸೆಯವರಲ್ಲ. ಆದರೆ ಬಟ್ಟಲು ಬರುವುದು ನಿಲ್ಲಲಿಲ್ಲ. ಹಾಕುವವಳು ಅಜ್ಜಿ, ಅವಳಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಹೊರಗೆ ಹೋದದ್ದಷ್ಟೇ ಅಲ್ಲ, ಅವ್ವನ ಕೈಯೂ ಸಡಿಲವಾಯಿತು. ಬಾಟಲಿಯ ತಳ ಕಾಣುವಾಗ ಬಿಗಿಯುವ ಕೈ ತುಂಬಿದ ಡಬ್ಬದ ಮುಂದೆ ಬಿಗಿಯುವುದಿಲ್ಲ. ಈರುಳ್ಳಿ ಹೋಗಿ ಚಮಚ ಬಂತು. ಒಂದು ಸಂಜೆ ಸಿದ್ಧ ಅತ್ತನೆಂದು ಬೋಂಡವೂ ಆಯಿತು. ಬೋಂಡದ ವಾಸನೆಗೆ ಮತ್ತೆರಡು ಮನೆಯ ಮಕ್ಕಳು ಬಂದರು. ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿ ತಿನ್ನಲು ಆಗುತ್ತದೆಯೇ?

ಇಪ್ಪತ್ತು ದಿನಕ್ಕೆ ಡಬ್ಬ ಅರ್ಧಕ್ಕೆ ಇಳಿಯಿತು. ನನಗೆ ಭಯ ಹತ್ತಿತು. ಪರೀಕ್ಷೆ ಮುಗಿದು ರಜೆ ಬಂದಿತ್ತು. ಹಗಲೆಲ್ಲ ಡಬ್ಬ ಕಾಯುವ ಕೆಲಸ ಹಿಡಿದೆ. ಅದನ್ನು ಮೂಲೆಗೆ ಎಳೆದು, ಮೇಲೆ ಅಪ್ಪನ ಹಳೆಯ ಕಂಬಳಿ ಹೊದಿಸಿ, ಅದರ ಮೇಲೆ ಕೂತೆ. ಹನುಮಕ್ಕ ಬಂದಳು.

“ಏನೇ ಗಂಗೀ, ಕೋಳಿ ಕಾವಿಗೆ ಕುಂತಂಗೆ ಕುಂತೀಯಲ್ಲ?”

“ಸೊಂಟ ನೋವು ಕಣಕ್ಕ.”

“ಅಯ್ಯೋ ನನ್ನ ಕಂದ, ಈ ವಯಸ್ಸಿಗೇ? ಒಂಚೂರು ಎಣ್ಣೆ ಬಿಸಿ ಮಾಡಿ ತಿಕ್ತೀನಿ ಏಳು. ನಿಮ್ಮನೇಲಿ ಹೆಂಗಿದ್ರೂ ಡಬ್ಬ ಐತೆ. ಹಂಗೇ ನನ್ನ ಬಟ್ಲಿಗೂ ಇಷ್ಟು ಹಾಕು.”

ತಿಕ್ಕಿಯೂ ತಿಕ್ಕಿದಳು, ಬಟ್ಟಲು ತುಂಬಿಸಿಕೊಂಡೂ ಹೋದಳು. ವ್ಯಾಪಾರದಲ್ಲಿ ನಾನು ಸೋತದ್ದು ಕಡಿಮೆ. ಆ ಸೋಲು ಇವತ್ತಿಗೂ ನೆನಪಿದೆ. ಅಂದು ಸಂಜೆ ಅವ್ವನಿಗೂ ಅಜ್ಜಿಗೂ ಜಗಳ. ನಮ್ಮ ಮನೆಯಲ್ಲಿ ಜಗಳವಾದರೆ ಕುರಿಮರಿಗಳೂ ಸುಮ್ಮನಾಗುತ್ತಿದ್ದವು.

“ಅತ್ತೆ, ನನ್ನ ಮಗ್ಳ ಇಸ್ಕೂಲು ಆ ಡಬ್ಬದಾಗೈತೆ. ಇನ್ನೊಬ್ಬರಿಗೆ ಹಾಕಿದ್ರೆ ನೋಡು ಮತ್ತೆ.”

“ಹೋದ ವರ್ಷ ನೀನು ಜ್ವರದಾಗೆ ಮಲಗ್ದಾಗ ಹದಿನೈದು ದಿನ ಈ ಮಕ್ಳಿಗೆ ಮುದ್ದೆ ಹಾಕ್ದೋಳು ಯಾರೇ? ಹನುಮಕ್ಕ. ಆಗ ಅವ್ಳು ಅಂದ್ಳಾ, ನನ್ನ ಮಡಿಕೆಯಾಗೆ ನನ್ನ ಮಕ್ಳ ಹೊಟ್ಟೆ ಐತೆ ಅಂತ?”

ಇಬ್ಬರೂ ಹೇಳಿದ್ದು ಸರಿಯಾಗಿತ್ತು. ಅಂಥ ಜಗಳ ಮುಗಿಯುವುದು ಕಷ್ಟ. ಆ ಸಂಜೆ ಅವ್ವ ಉಣ್ಣಲಿಲ್ಲ. ಅವಳು ಉಣ್ಣಲಿಲ್ಲವೆಂದು ಅಜ್ಜಿಯೂ ಉಣ್ಣಲಿಲ್ಲ. ಎರಡು ಮುದ್ದೆ ಉಳಿದದ್ದು ಸಿದ್ಧನಿಗೆ ಲಾಭವಾಯಿತು.

ಆಮೇಲೆ ನಾವು ಮಾಡಿದ ದಡ್ಡತನವನ್ನು ಹೇಳಲು ಈಗಲೂ ನಾಚಿಕೆ. ಗೌರಮ್ಮನವರು ಬಂದು ನೋಡಿದರೆ ಡಬ್ಬ ಖಾಲಿ ಕಾಣಬಾರದಲ್ಲ? ಅದಕ್ಕೆ ಅವ್ವ ಮತ್ತೆ ನನ್ನ ಕೈಗೆ ಬಾಟಲಿ ಕೊಟ್ಟಳು. ತಿಪ್ಪಣ್ಣನ ಅಂಗಡಿಯಿಂದ ದಿನದ ಎಣ್ಣೆ ತಂದು ಡಬ್ಬಕ್ಕೆ ಸುರಿಯುವುದು. ಉಳಿತಾಯ ಮಾಡಿದ್ದೇವೆ ಎಂದು ತೋರಿಸಲು ದಿನವೂ ಖರ್ಚು! ಬಡವರು ಹಣ ಹಾಳುಮಾಡುತ್ತಾರೆ ಎನ್ನುವವರು ಒಂದು ಗಳಿಗೆ ಯೋಚಿಸಲಿ: ಅದರಲ್ಲಿ ಎಷ್ಟು ಪಾಲು ಉಳ್ಳವರ ಕಣ್ಣಿಗೆ ಸರಿ ಕಾಣಿಸಲೆಂದೇ ಹಾಳಾಗುತ್ತದೆ? ಡಬ್ಬ ಬಂದ ಮನೆಯವರು ಬಾಟಲಿ ಹಿಡಿದು ಬಂದದ್ದು ತಿಪ್ಪಣ್ಣನಿಗೆ ಸೋಜಿಗ. ಅವನು ಅದನ್ನು ದೊಡ್ಡಮನೆಯ ಆಳಿನ ಹತ್ತಿರ ಆಡಿದ. ಆಳು ಗೌರಮ್ಮನವರಿಗೆ ಹೇಳಿದ. ಅವರು ಕೂಡಿಸಿ ಕಳೆದು ನೋಡಿದರು: ಕರಿಯಮ್ಮ ಡಬ್ಬವನ್ನು ಮಾರಿಕೊಂಡಿದ್ದಾಳೆ.

ಮರುದಿನ ಬೆಳಿಗ್ಗೆ ಅವರೇ ಬಂದರು. ನಮ್ಮ ಮನೆಯ ಬಾಗಿಲಿಗೆ ತಲೆ ಬಗ್ಗಿಸಿ ಅವರು ಒಳಗೆ ಬಂದದ್ದು ಅದೇ ಮೊದಲು. ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆ. ಕೈಯಿಂದ ಗೋಡೆ ತಡವಿದರು. ಅಜ್ಜಿ ಮಂಚದ ಮೇಲಿನ ಕೌದಿ ಕೊಡವಿ ಹಾಸಿದಳು.

“ಬರ್ರಿ ಅಮ್ನೋರೇ, ಕುಂತ್ಕಳ್ರಿ.”

“ಕುಂತ್ಕಳಾಕೆ ಬಂದಿಲ್ಲ. ಎಲ್ಲೈತೆ ಡಬ್ಬ?”

ಕಂಬಳಿ ಸರಿಸಿದೆ. ಅವರು ಬಗ್ಗಿ ನೋಡಿದರು. ತಳದಲ್ಲಿ ನಾಲ್ಕು ಬೆರಳು ಎಣ್ಣೆ.

“ಇಷ್ಟೇನಾ? ಕಾರಹುಣ್ಣಿಮೆಗೆ ಇನ್ನೂ ತಿಂಗ್ಳೈತೆ! ಯಾರಿಗೆ ಮಾರ್ದೆ ಕರಿಯಮ್ಮ? ನಿಜ ಹೇಳ್ಬಿಡು.”

ಅವ್ವ ನೆಲ ನೋಡುತ್ತಾ ನಿಂತಳು. ‘ಹೂಂನ್ರಿ’ ಎನ್ನುವುದು ಬಿಟ್ಟರೆ ಆ ಮನೆಯವರ ಮುಂದೆ ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ. ಇಲ್ಲಿಯೂ ಎಲ್ಲಿ ಹೂಂ ಎಂದುಬಿಡುತ್ತಾಳೋ ಎಂಬ ಹೆದರಿಕೆಗೆ ನನ್ನ ಬಾಯಿ ತಾನಾಗಿ ತೆರೆಯಿತು.

“ಮಾರಿಲ್ಲ ಅಮ್ನೋರೇ. ಬೀದಿಯೋರು ಕೇಳಿದ್ರು, ಹಾಕಿದ್ವಿ.”

“ಕೇಳಿದೋರಿಗೆಲ್ಲ ಹಾಕ್ತಾರೇನೇ? ಇಲ್ಲ ಅನ್ನಾಕೆ ಏನು ರೋಗ?”

“ನೀವೇ ಒಂದು ಗಳಿಗೆ ಕುಂತ್ಕಂಡು ಅಂದು ತೋರಿಸ್ರಿ.”

ಅವ್ವ ನನ್ನ ತೋಳು ಚಿವುಟಿದಳು. ಗೌರಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗದ ಮಂಚದ ಮೇಲೆ ಕೂತೇಬಿಟ್ಟರು.

“ಆತು. ಬರ್ಲಿ ನೋಡಾಣ.”

ಯಾರೂ ಬಾರದಿದ್ದರೆ ಗತಿಯೇನು? ದಿನವೂ ಬಾರದಿರಲೆಂದು ಬೇಡಿದವಳು ಅಂದು ಬಾಗಿಲ ಕಡೆಗೇ ನೋಡುತ್ತಾ ಕೂತೆ. ಅಜ್ಜಿ ಕೊಟ್ಟ ಮಜ್ಜಿಗೆಯನ್ನು ಗೌರಮ್ಮನವರು ಮುಟ್ಟಲಿಲ್ಲ. ಸ್ಟೇಷನ್ನಿನ ಕಡೆ ರೈಲು ಕೂಗಿತು. ಆಗ ಬಾಗಿಲಲ್ಲಿ ನೆರಳು ಬಿತ್ತು. ಸೂಲಗಿತ್ತಿ ತಿಮ್ಮಜ್ಜಿ. ನಮ್ಮೂರಲ್ಲಿ ಅವಳ ಕೈಗೆ ಹುಟ್ಟದವರಿಲ್ಲ. ದೊಡ್ಡಮನೆಯ ಮಕ್ಕಳೂ ಆ ಕೈಗೇ ಬಿದ್ದವು. ಒಳಗಿನ ಕತ್ತಲೆಯಲ್ಲಿ ಅವಳಿಗೆ ಗೌರಮ್ಮನವರು ಕಾಣಿಸಲಿಲ್ಲ.

“ಯವ್ವಾ ಕರಿಯೀ, ಕೆಳಗಿನ ಬೀದಿಯಾಗೆ ಹೆಣ್ಣುಕೂಸು ಹುಟ್ಟೈತೆ. ನೀರು ಹಾಕ್ಬೇಕು, ಮೈಗೆ ತಿಕ್ಕಾಕೆ ಅವ್ರ ಮನೇಲಿ ಒಂದು ಹನಿ ಇಲ್ಲ. ಹರಳೆಣ್ಣೆ ಸಿಗ್ಲಿಲ್ಲ, ಶೇಂಗಾ ಎಣ್ಣೆನಾದ್ರೂ ಹಾಕೇ ನನ್ನವ್ವ.”

ಅವ್ವ ಗೌರಮ್ಮನವರ ಕಡೆ ನೋಡಿದಳು, ಅಜ್ಜಿ ನೋಡಿದಳು, ನಾನೂ ನೋಡಿದೆ. ಅವರ ಬಾಯಿ ಒಮ್ಮೆ ತೆರೆದು ಮುಚ್ಚಿತು. ಆಮೇಲೆ ಎದ್ದರು. ಡಬ್ಬವನ್ನು ತಾವೇ ಎತ್ತಿ, ತಿಮ್ಮಜ್ಜಿಯ ಚೊಂಬಿಗೆ ಬಗ್ಗಿಸಿದರು. ಚೊಂಬು ತುಂಬುವವರೆಗೂ ಬಗ್ಗಿಸಿದರು.

“ಅಯ್ಯ, ಗೌರೀ! ನೀನ್ಯಾವಾಗ ಬಂದ್ಯೇ?” ಎಂದಳು ತಿಮ್ಮಜ್ಜಿ. ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದವಳು ಊರಿಗೆ ಅವಳೊಬ್ಬಳೇ. “ನಿನ್ನ ಕೈ ದೊಡ್ಡದು ಬಿಡು. ಕರಿಯೀ ಇಷ್ಟು ಹಾಕ್ತಿರ್ಲಿಲ್ಲ.”

ಅವಳು ಹೋದ ಮೇಲೆ ಗೌರಮ್ಮನವರು ಮತ್ತೆ ಮಂಚದ ಮೇಲೆ ಕೂತು, ಎಣ್ಣೆಯಾದ ಬೆರಳುಗಳನ್ನು ನೋಡಿಕೊಂಡರು.

“ನನ್ನ ಮೂರು ಬಾಣಂತನ ಮಾಡಿದ ಮುದುಕಿ. ಅವಳಿಗೆ ಹೆಂಗೆ ಇಲ್ಲ ಅನ್ಲೇ?”

“ನಮ್ಗೂ ಹಂಗೇ ಆತು ಅಮ್ನೋರೇ,” ಎಂದೆ.

“ಹಂಗಾರೆ ಬೀಗ ಹಾಕಿ ಇಡ್ಬೇಕಪ್ಪ!”

ಅದಕ್ಕೆ ಉತ್ತರ ಕೊಟ್ಟವಳು ಅಜ್ಜಿ. “ಬೀಗಕ್ಕೆ ಪೆಟ್ಟಿಗೆ ಬೇಕು. ಪೆಟ್ಟಿಗೆ ಇಡಾಕೆ ಕೋಣೆ ಬೇಕು. ಕೋಣೆ ಬಂದು ಬಾಗ್ಲು ಹಾಕ್ಕಂಡ್ರೆ ಹನುಮಕ್ಕ ಬರಲ್ಲ. ಅವಳು ಬರ್ದಿದ್ರೆ, ನನ್ನ ಮಗ ಊರಾಗಿಲ್ದಾಗ ಈ ಮಕ್ಳಿಗೆ ಜ್ವರ ಬಂದ್ರೆ ಯಾರು ತಾಯೀ? ತಿಪ್ಪಣ್ಣನ ಅಂಗಡೀಲಿ ಇರ್ಲಿ ಬಿಡ್ರಿ ನಮ್ಮ ಎಣ್ಣೆ. ಅಲ್ಲಿದ್ರೆ ನಾವೂ ಮುಟ್ಟಂಗಿಲ್ಲ, ಬೇರೇರೂ ಕೇಳಂಗಿಲ್ಲ.”

ಗೌರಮ್ಮನವರು ಮಜ್ಜಿಗೆ ಎತ್ತಿಕೊಂಡು ಕುಡಿದರು. ದೊಡ್ಡಮನೆಯ ಉಗ್ರಾಣಕ್ಕೆ ಮೂರು ಬಾಗಿಲು. ನಮ್ಮ ಮನೆಗೆ ಒಂದು, ಅದೂ ಹಗಲೆಲ್ಲ ತೆರೆದೇ ಇರುವುದು. ಇಷ್ಟು ಸಣ್ಣ ವಿಷಯ ಅವರಿಗೆ ಅಷ್ಟು ವರ್ಷ ಕಂಡಿರಲಿಲ್ಲ. ಅವರ ತಪ್ಪೂ ಅಲ್ಲ, ತೋರಿಸಿದವರಿರಲಿಲ್ಲ. ಲೋಟ ಕೆಳಗಿಟ್ಟು ಹೇಳಿದರು:

“ಇರೋ ನಾಲ್ಕು ಹನೀಲಿ ಇಷ್ಟು ವರ್ಷ ಈ ಮನೆ ನಡೆಸಿದೀಯಲ್ಲ ಕರಿಯಮ್ಮ. ನಂಗೆ ಬೇಕಾಗಿದ್ದು ಅಂಥೋಳೇ. ನಾಳೆಯಿಂದ ಉಗ್ರಾಣಕ್ಕೆ ಬಾ. ಸುಗ್ಗಿಗೆ ರಾಗಿ ಮೂಟೆ ಒಟ್ಟಿಗೇ ಹಾಕಿಸ್ತೀನಿ, ಎಣ್ಣೆ ಒಂದು ಡಬ್ಬ, ವರ್ಷಕ್ಕೆ ಎರಡು ಸೀರೆ.”

ಅವ್ವನ ಕಣ್ಣು ತುಂಬಿತು. ಕೈ ಮುಗಿಯಲು ಎತ್ತಿದಳು. ಬೇರೆ ಯಾರಾದರೂ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನನಗೆ ಮಾತ್ರ, ಈಗಷ್ಟೇ ಆದದ್ದು ಮೂಟೆಯ ರೂಪದಲ್ಲಿ ಮತ್ತೆ ಬಾಗಿಲಿಗೆ ಬರುತ್ತಿರುವುದು ಕಂಡಿತು. ವ್ಯಾಪಾರದ ಮೊದಲ ಪಾಠವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ: ಎದುರಿನವರು ಒಳ್ಳೆಯ ಮನಸ್ಸಿನಲ್ಲಿರುವಾಗ ಕೈ ಮುಗಿಯುವ ಮೊದಲು ಮಾತು ಮುಗಿಸಿ.

“ಮೂಟೆ ಬ್ಯಾಡ ಅಮ್ನೋರೇ. ದಿನಾ ಸಂಜೆ ಅವತ್ತಿನ ರಾಗಿ, ಅವತ್ತಿನ ಎಣ್ಣೆ ಅಳೆದು ಕೊಡ್ರಿ. ಸಂತೆ ದಿನ ಒಂಚೂರು ದುಡ್ಡು, ಬಸ್ಸಿಗೆ.”

“ಹುಚ್ಚೀ, ಒಟ್ಟಿಗೆ ಬಂದ್ರೆ ನಿಮ್ಗೇ ಒಳ್ಳೇದಲ್ವೇನೇ?” ಎಂದವರು ಅರ್ಧಕ್ಕೇ ನಿಲ್ಲಿಸಿದರು. ತಳ ಕಾಣುತ್ತಿದ್ದ ಡಬ್ಬದ ಕಡೆ ಕಣ್ಣು ಹೋಯಿತು. “ಆತು. ಆದ್ರೆ ದಿನಾ ಕುಂತು ಅಳೆಯೋರ್ಯಾರು?”

“ಕೀಲಿ ಅವ್ವನ ಹತ್ರನೇ ಇರುತ್ತಲ್ಲ. ಅವಳೇ ಅಳ್ಕಂತಾಳೆ.”

“ಬೆಕ್ಕಿನ ಕೈಗೆ ಹಾಲಿನ ಗಡಿಗೆ ಕೊಡು ಅಂತೀಯ?” ಅವರು ನಗುತ್ತಿದ್ದರು.

ಆಗ ಅವ್ವ ಮಾತಾಡಿದಳು. ದೊಡ್ಡಮನೆಯವರ ಮುಂದೆ ಅವಳು ಒಂದು ಇಡೀ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನಾನು ಅಳ್ಕಳೋವಾಗ ನೀವು ಎದ್ರಿಗೆ ಕುಂತು ನೋಡ್ರಿ ಅಮ್ನೋರೇ. ನೋಡಿ ನೋಡಿ ನಿಮ್ಗೇ ಬ್ಯಾಸ್ರ ಆಗಿ ಎದ್ದು ಹೋಗೋವರ್ಗೂ ನೋಡ್ರಿ.”

ಅವರಿಗೆ ನಾಲ್ಕನೇ ದಿನಕ್ಕೇ ಬೇಸರವಾಯಿತಂತೆ. ಅವ್ವ ಮಾತ್ರ ಆ ಕೆಲಸದಲ್ಲಿ ಇದ್ದಷ್ಟು ವರ್ಷವೂ, ಯಾರೂ ನೋಡದಿದ್ದರೂ, ಅಳತೆಯ ಮೇಲೆ ಬೆರಳೆಳೆದು ಸಮ ಮಾಡಿಯೇ ನಮ್ಮ ರಾಗಿ ತರುತ್ತಿದ್ದಳು. ಸ್ವಲ್ಪ ದಿನಕ್ಕೆ ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಂಗಸರೂ ಕೇಳಿದರು: ನಮಗೂ ಮೂಟೆ ಬೇಡ, ಕರಿಯಮ್ಮನಿಗೆ ಕೊಟ್ಟ ಹಾಗೆ ಕೊಡಿ. ಸಂಜೆ ಉಗ್ರಾಣದ ಮುಂದೆ ಐದಾರು ಜನ ಮಡಿಲು ಹಿಡಿದು ನಿಲ್ಲುವುದು ರೂಢಿಯಾಯಿತು.

ಈಗ ಹೊಸದುರ್ಗದಲ್ಲಿ ನನ್ನದೇ ಕಿರಾಣಿ ಅಂಗಡಿ ಇದೆ. ಕಂಪನಿಯ ಏಜೆಂಟು ಹುಡುಗ ಬಂದಾಗಲೆಲ್ಲ ಹೇಳುತ್ತಾನೆ, ‘ಆಂಟೀ, ಸಣ್ಣ ಪಾಕೀಟು ಬಿಡ್ರಿ, ಐದು ಲೀಟರಿನ ಕ್ಯಾನ್ ಇಡ್ರಿ, ಜನಕ್ಕೂ ಅಗ್ಗ.’ ಕಾರಿನಿಂದ ಇಳಿದು ಬರುವ ಗಿರಾಕಿಗಳೂ ಪಕ್ಕದಲ್ಲಿ ಪುಟ್ಟ ಪಾಕೀಟು ಕೊಳ್ಳುವವಳನ್ನು ನೋಡಿ ‘ಇವರಿಗೆ ಬುದ್ಧಿ ಬರಲ್ಲ’ ಎನ್ನುವಂತೆ ನನ್ನ ಕಡೆ ನಗುತ್ತಾರೆ. ನಾನು ವ್ಯಾಪಾರದವಳು, ನಗುವಿಗೆ ನಗು ಕೊಡುತ್ತೇನೆ. ಆದರೆ ಇಲ್ಲಿ ಬರೆಯುತ್ತಿದ್ದೇನೆ: ದೊಡ್ಡದು ಕೊಂಡರೆ ಅಗ್ಗ ಎಂಬುದು ಆ ಹೆಂಗಸಿಗೆ ನಿಮಗಿಂತ ಮೊದಲು ಗೊತ್ತು. ಅವಳಿಗೆ ಇಲ್ಲದ್ದು ಅದನ್ನು ಇಟ್ಟುಕೊಳ್ಳುವ ಬಾಗಿಲು. ಬಡವರಿಗೆ ಸಹಾಯ ಮಾಡುವ ಮನಸ್ಸಿದ್ದರೆ ಬುದ್ಧಿ ಹೇಳುವುದಕ್ಕೆ ಮೊದಲು ಅವರ ಮಂಚದ ಮೇಲೆ ಅರ್ಧ ಗಂಟೆ ಕೂತು ಬನ್ನಿ. ಖರ್ಚಿಲ್ಲದ ಕೆಲಸ.

ಮುಂಗಾರು ಬಂತು. ಅಪ್ಪ ಮಂದೆಯೊಂದಿಗೆ ಊರಿಗೆ ಬಂದು, ನಡೆದದ್ದನ್ನೆಲ್ಲ ಅಜ್ಜಿಯ ಬಾಯಲ್ಲಿ ಕೇಳಿ, ನನ್ನ ತಲೆಯ ಮೇಲೆ ಕೈಯಿಟ್ಟ. ಮರಿ ನೋಡಿಕೊಳ್ಳಲು ಚಿಕ್ಕಪ್ಪ ಬೇರೆ ಯಾರನ್ನೋ ಗೊತ್ತುಮಾಡಿಕೊಂಡ. ಹೈಸ್ಕೂಲು ಶುರುವಾಗುವ ಹಿಂದಿನ ದಿನ ಅವ್ವ ನನ್ನನ್ನು ದೊಡ್ಡಮನೆಗೆ ಕರೆದುಕೊಂಡು ಹೋದಳು. ಗೌರಮ್ಮನವರ ಕಾಲಿಗೆ ಬಿದ್ದೆ.

“ಏಳೇ ಏಳು. ನಾಳೆಯಿಂದ ಹೊಳಲ್ಕೆರೆ ಅಂತೆ! ನಾನೂ ಯೋಚ್ನೆ ಮಾಡಿಟ್ಟಿದೀನಿ, ನಿಂಗೊಂದು ಹೊಸ ಸೈಕಲ್...”

ಅವ್ವನ ಮುಖ ಸಣ್ಣಗಾಯಿತು. ಆ ದೂರಕ್ಕೆ, ಆ ರಸ್ತೆಗೆ ಸೈಕಲ್ಲು. ಅದರ ಟೈರು, ಪಂಕ್ಚರು. ಅದನ್ನು ನಿಲ್ಲಿಸಲು ಜಾಗ. ಕೇಳುವ ಬೀದಿಯ ಹುಡುಗರು. ಎಲ್ಲವೂ ಅವಳ ಕಣ್ಣಲ್ಲಿ ಓಡಿದ್ದು ನನಗೆ ಕಂಡಿತು. ಬಾಯಿ ‘ಹೂಂನ್ರಿ’ಗೆ ಸಿದ್ಧವಾಗಿತ್ತು. ಗೌರಮ್ಮನವರಿಗೂ ಅದು ಕಂಡಿರಬೇಕು. ಮಾತು ನಿಲ್ಲಿಸಿದರು. ಅವ್ವನನ್ನು ನೋಡಿದರು, ನನ್ನನ್ನು ನೋಡಿದರು.

“ಬ್ಯಾಡ ಬಿಡು. ನೀನೇ ಹೇಳೇ ಗಂಗೀ. ನಿಂಗೇನು ಬೇಕು?”

ಅಷ್ಟು ವರ್ಷದಲ್ಲಿ ಆ ಮನೆಯಿಂದ ನಮಗೆ ಹಳೆಯ ಸೀರೆ ಬಂದಿದೆ, ಹಬ್ಬದ ಊಟ ಬಂದಿದೆ, ಬುದ್ಧಿಮಾತು ಬಂದಿದೆ. ಏನು ಬೇಕು ಎಂಬ ಮಾತು ಬಂದದ್ದು ಅದೇ ಮೊದಲು.

“ಇಸ್ಕೂಲು ಬಿಟ್ಟ ಮೇಲೆ ನಮ್ಮ ಬಸ್ಸು ಬರಾಕೆ ಎರಡು ಗಂಟೆ ಐತೆ ಅಮ್ನೋರೇ. ಸ್ಟ್ಯಾಂಡಿನಾಗೆ ಹೆಣ್ಣುಹುಡುಗಿ ಒಬ್ಬಳೇ ಹೆಂಗೆ ನಿಂತ್ಕಳೋದು ಅಂತ ಅಪ್ಪಂಗೆ ಯೋಚ್ನೆ. ಹೊಳಲ್ಕೆರೆಯಾಗೆ ನಿಮ್ಮ ತಂಗಿ ಮನೆ ಐತಲ್ಲ. ಬಸ್ಸು ಬರೋವರ್ಗೂ ಅವ್ರ ಜಗಲಿ ಮೇಲೆ ಕುಂತು ಓದ್ಕಂತೀನಿ.”

“ಅಷ್ಟೇನಾ?”

“ಅಷ್ಟೇ.”

“ಅದಕ್ಕೇನೇ ಖರ್ಚು?”

“ಏನಿಲ್ಲ. ನೀವೊಂದು ಮಾತು ಹೇಳ್ಬೇಕು, ಅಷ್ಟೇ.”

ಗೌರಮ್ಮನವರು ಒಳಗೆ ಹೋಗಿ, ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟು ಬಂದರು. ಮರುದಿನ ಬೆಳಿಗ್ಗೆ ತಂಗಿಗೆ ಆ ಮಾತನ್ನು ತಾವೇ ಹೇಳಿಬರಲು, ಮನೆಯಲ್ಲಿ ಕಾರಿದ್ದರೂ ನಮ್ಮ ಜೊತೆ ಬಸ್ಸಿಗೇ ಹತ್ತಬೇಕೆಂದು ಅವರು ಆಗಲೇ ತೀರ್ಮಾನಿಸಿ, ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ, ಕೂರಲು ಜಾಗ ಸಿಗುತ್ತದೆಯೇ ಎಂದು ಅವ್ವನನ್ನು ಒಂದೊಂದಾಗಿ ಕೇಳತೊಡಗಿದರು. ಸೀರೆ ಮಾತ್ರ ಒಂದು ದಿನ ಮೊದಲೇ ಉಟ್ಟುಬಿಟ್ಟಿದ್ದರು. ಅವ್ವ ಜಗಲಿಯ ಮೇಲೆ ಅವರ ಪಕ್ಕದಲ್ಲಿ ಕೂತು ನಿಧಾನವಾಗಿ, ಒಂದನ್ನೂ ಬಿಡದೆ ಹೇಳುತ್ತಿದ್ದಳು. ಈ ಸಲ ಕಿವಿಗೊಟ್ಟು ಕೇಳುತ್ತಾ ‘ಹೂಂನ್ರಿ, ಹೂಂನ್ರಿ’ ಎನ್ನುತ್ತಿದ್ದವರು ಗೌರಮ್ಮನವರು.